ದೊಡ್ಡಪ್ಪನ ಮಗ ‘ಬ್ರದರ್’ ಆದದ್ದು: ಗೋಣಿಕೊಪ್ಪಲಿನ ಒಂದು ದಾಖಲೆ ಸೇವಾ ಕಚೇರಿಯ ಬಗ್ಗೆ

ಮಕ್ಕಳು ವಿದೇಶದಲ್ಲಿರುವ ಮನೆಗಳವರಿಗೆ ಜನನ ಪ್ರಮಾಣಪತ್ರ, ವಂಶವೃಕ್ಷ, ನೋಟರಿ ಅಫಿಡವಿಟ್, ಇಂಗ್ಲಿಷ್ ಅನುವಾದ ಮುಂತಾದವನ್ನು ಓಡಾಡಿ ಮಾಡಿಸಿಕೊಡುವ ಕಚೇರಿಯೊಂದು ಗೋಣಿಕೊಪ್ಪಲಿನಲ್ಲಿದೆ. ಕಳೆದ ಮಳೆಗಾಲದಲ್ಲಿ, ಕಕ್ಕಡ ತಿಂಗಳು ನಡೆಯುತ್ತಿದ್ದಾಗ, ನಾವು ಅವರಿಂದ ಒಂದು ಕೆಲಸ ಮಾಡಿಸಿಕೊಂಡೆವು. ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ನಡೆಸುವವರು ದುಡ್ಡಿಗಾಗಿ ಮೋಸ ಮಾಡುವ ಜನವಲ್ಲ. ಗೊತ್ತಿಲ್ಲದ ವಿಷಯದಲ್ಲಿ ಗೊತ್ತಿರುವವರ ಹಾಗೆ ಸಲಹೆ ಕೊಟ್ಟರು ಎಂಬುದೇ ನನ್ನ ದೂರು. ಆದರೆ ಆ ಸಲಹೆಯನ್ನು ನಂಬಿದ್ದರೆ ನನ್ನ ಮಗಳು ಕೆಲಸವನ್ನೂ ಹೆಸರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದಳು. ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ಕೊಡಗಿನಲ್ಲಿ ಈಗ ಊರಿಗೆ ಹತ್ತು ಇರುವುದರಿಂದ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮಗಳು ಅಲ್ಲಿಗೆ ಹೋಗಿ ಹದಿನಾರು ವರ್ಷಗಳಾದವು. ಅರ್ಜಿ ಹಾಕಿ, ಪ್ರಮಾಣ ಸ್ವೀಕರಿಸಿ ಅಲ್ಲಿನ ಪೌರಳಾಗಿ ಐದು ವರ್ಷ. ಅವಳು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಗೆ ಅಲ್ಲಿನ ರಕ್ಷಣಾ ಇಲಾಖೆಯ ಗುತ್ತಿಗೆಗಳಿವೆ, ಅವಳಿಗೆ ಸಿಕ್ಕಿದ ಬಡ್ತಿಯ ಹುದ್ದೆಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಾಗಿತ್ತು. ಸರ್ಕಾರದ ಗುಟ್ಟಿನ ಮಾಹಿತಿಯನ್ನು ನೋಡಬಹುದೆಂಬ ಈ ಅರ್ಹತೆಯಲ್ಲಿ ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂದು ಮೂರು ಮಟ್ಟಗಳಿವೆ. ಇವಳಿಗೆ ಬೇಕಾಗಿದ್ದದ್ದು ನಡುವಿನದು. ಅದಕ್ಕಾಗಿ ಎಸ್‌ಎಫ್ 86 ಎಂಬ ನೂರಕ್ಕೂ ಹೆಚ್ಚು ಪುಟಗಳ ಪ್ರಶ್ನಾವಳಿಯನ್ನು ತುಂಬಬೇಕು. ವಾಸದ ವಿಳಾಸ, ಸಾಲಸೋಲ, ಕೋರ್ಟು ಕಚೇರಿ ಎಲ್ಲವನ್ನೂ ಅದು ಕೇಳುತ್ತದೆ. ಆದರೆ ನಮ್ಮಂಥ ಮನೆಯ ಮಕ್ಕಳಿಗೆ ಅದರಲ್ಲಿ ನಿಜವಾಗಿ ಭಾರವಾಗುವ ಭಾಗಗಳು ಮೂರು. 18ನೆಯದು ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಅತ್ತೆ, ಮಾವ ಇವರ ವಿವರ. 19ನೆಯದು ಕಳೆದ ಏಳು ವರ್ಷಗಳಲ್ಲಿ ನಿಕಟವಾಗಿ ಅಥವಾ ಸತತವಾಗಿ ಸಂಪರ್ಕದಲ್ಲಿರುವ ಇತರ ವಿದೇಶಿ ಪ್ರಜೆಗಳು. 20ನೆಯದು ವಿದೇಶದಲ್ಲಿರುವ ಆಸ್ತಿ, ಹಣಕಾಸು, ವ್ಯವಹಾರ, ಪ್ರಯಾಣ. ಅವಳ ಲೆಕ್ಕದಲ್ಲಿ ಈಗ ವಿದೇಶವೆಂದರೆ ನಮ್ಮ ಪೊನ್ನಂಪೇಟೆ ತಾಲ್ಲೂಕು, ವಿದೇಶಿ ಪ್ರಜೆಗಳೆಂದರೆ ನಾನು ಮತ್ತು ನಮ್ಮ ಯಜಮಾನರು. ಇದನ್ನು ಮೊದಲ ಸಲ ಫೋನಿನಲ್ಲಿ ಕೇಳಿದಾಗ ನನಗೆ ನಗು ಬಂದಿತ್ತು, ಯಜಮಾನರಿಗೆ ಬಂದಿರಲಿಲ್ಲ. ಅವರು ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಇಂಥ ಪ್ರಶ್ನೆಗಳನ್ನು ಸರ್ಕಾರ ಏಕೆ ಕೇಳುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪ್ರತಿಯೊಬ್ಬ ಸಂಬಂಧಿಕರ ಪೂರ್ಣ ಹೆಸರು, ಹಿಂದೆ ಇಟ್ಟುಕೊಂಡಿದ್ದ ಹೆಸರುಗಳು, ಹುಟ್ಟಿದ ದಿನ ಮತ್ತು ಊರು, ಈಗಿನ ವಿಳಾಸ, ಉದ್ಯೋಗದಾತರು, ಸರ್ಕಾರದೊಂದಿಗೋ ಸೈನ್ಯದೊಂದಿಗೋ ಇರುವ ನಂಟು, ಕೊನೆಯ ಸಲ ಮಾತಾಡಿದ್ದು ಯಾವಾಗ, ಎಷ್ಟು ದಿನಕ್ಕೊಮ್ಮೆ, ಯಾವ ಮಾರ್ಗದಲ್ಲಿ ಎಂಬುದನ್ನೆಲ್ಲ ಇಲ್ಲಿಂದ ಕಳಿಸಬೇಕಾಗಿತ್ತು. ಮಳೆಗೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದ ಮನೆಯಲ್ಲಿ ಕುಳಿತು ಇದನ್ನು ಮಾಡಲಾರೆನೆಂದು ನಾನು ಆ ಕಚೇರಿಯ ಮೆಟ್ಟಿಲು ಹತ್ತಿದೆ. ನಾಲ್ಕೂವರೆ ಸಾವಿರ ರೂಪಾಯಿ ಹೇಳಿದರು. ಎರಡು ಸಾವಿರ ಮುಂಗಡ ಕೊಟ್ಟೆ.

ಮೆಚ್ಚಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ದಾಖಲೆ ಹುಡುಕುವುದರಲ್ಲಿ ಅವರನ್ನು ಮೀರಿಸುವವರು ಈ ಭಾಗದಲ್ಲಿ ಇರಲಾರರು. ನನ್ನ ಜನನದ ನೋಂದಣಿಯೇ ಇಲ್ಲವೆಂದು ನಾನು ನಂಬಿದ್ದೆ; ಅವರು ಶಾಲೆಯ ದಾಖಲಾತಿ ಪುಸ್ತಕದ ಉದ್ಧೃತ ಭಾಗವನ್ನು ತರಿಸಿದರು, ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದರು, ಯಜಮಾನರ ಡಿಸ್ಚಾರ್ಜ್ ಬುಕ್ಕು ಮತ್ತು ಪಿಂಚಣಿ ಆದೇಶದ ಪ್ರತಿಗಳನ್ನು ಅಚ್ಚುಕಟ್ಟಾಗಿ ಸ್ಕ್ಯಾನ್ ಮಾಡಿದರು. ಮಳೆಯಲ್ಲಿ ನೆನೆದು ಅಂಚು ಮೆತ್ತಗಾಗಿದ್ದ ಡಿಸ್ಚಾರ್ಜ್ ಬುಕ್ಕಿನ ಹಾಳೆಗಳನ್ನು ಕಚೇರಿಯ ಹುಡುಗ ಒಂದೊಂದಾಗಿ ಬ್ಲಾಟಿಂಗ್ ಪೇಪರಿನ ಮೇಲೆ ಹರಡಿ, ಟೇಬಲ್ ಫ್ಯಾನಿನ ಗಾಳಿ ನೇರವಾಗಿ ಬೀಳದ ಹಾಗೆ ರಟ್ಟಿನ ತುಂಡೊಂದನ್ನು ಅಡ್ಡವಿಟ್ಟು ಒಣಗಿಸಿದ್ದನ್ನು ನಾನೇ ಕೂತು ನೋಡಿದ್ದೇನೆ. ಪುಸ್ತಕ ವಾಪಸ್ಸು ಬಂದಾಗ ಅದು ನಾವು ಕೊಟ್ಟದ್ದಕ್ಕಿಂತ ಚೆನ್ನಾಗಿತ್ತು.

ಹೆಸರುಗಳ ವಿಷಯದಲ್ಲಿಯೂ ಅವರಿಗೆ ಅನುಭವವಿದೆ. ನಮ್ಮಲ್ಲಿ ಮನೆತನದ ಹೆಸರು ಮೊದಲು, ಸ್ವಂತದ ಹೆಸರು ಆಮೇಲೆ. ಶಾಲೆಯಲ್ಲಿ ಮನೆತನದ ಹೆಸರು ಒಂದೇ ಅಕ್ಷರದ ಇನಿಷಿಯಲ್ ಆಗುತ್ತದೆ, ಪಾಸ್‌ಪೋರ್ಟಿನಲ್ಲಿ ಕೊನೆಗೆ ಹೋಗಿ ಸರ್‌ನೇಮ್ ಆಗುತ್ತದೆ, ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ. ಹೀಗೆ ನನ್ನೊಬ್ಬಳದೇ ನಾಲ್ಕು ರೂಪಗಳು ಇದ್ದವು. ನಾಲ್ಕನ್ನೂ ತಾರೀಕುಗಳ ಸಮೇತ ‘ಬಳಸಿದ ಇತರ ಹೆಸರುಗಳು’ ಎಂಬ ಕಡೆ ಪಟ್ಟಿ ಮಾಡಿ, ಒಂದನ್ನೂ ಮುಚ್ಚಿಡಬಾರದೆಂದು ಅವರೇ ಒತ್ತಿ ಹೇಳಿದರು. ಇಷ್ಟು ಸೂಕ್ಷ್ಮ ತಿಳಿದವರು ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆಂದು ನಾನು ಎಣಿಸಿರಲಿಲ್ಲ.

ಎಡವಿದ್ದು ಹೀಗೆ. ಯಜಮಾನರ ಅಣ್ಣ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಗ ನಮ್ಮ ಮನೆಯಲ್ಲಿಯೇ ಓದಿ ಬೆಳೆದವನು, ಈಗ ಭಾರತೀಯ ಸೈನ್ಯದಲ್ಲಿ ಮೇಜರ್. ನನ್ನ ಮಗಳು ಅವನನ್ನು ಅಣ್ಣ ಎಂದೇ ಕರೆಯುವುದು. ನಮ್ಮ ಮಾತಿನಲ್ಲಿ ದೊಡ್ಡಪ್ಪನ ಮಗ ಅಣ್ಣನೇ, ಅದಕ್ಕೆ ಬೇರೆ ಹೆಸರಿಲ್ಲ. ಕಚೇರಿಯವರು ನನ್ನಿಂದ ಕೇಳಿ ಬರೆದುಕೊಂಡ ಪಟ್ಟಿಯಲ್ಲಿ ನಾನು ‘ಅಣ್ಣ’ ಎಂದು ಹೇಳಿದ್ದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ, ಸಂಬಂಧದ ಕಲಮಿನಲ್ಲಿ ‘ಬ್ರದರ್’ ಎಂದು ಟೈಪ್ ಮಾಡಿದರು. ಉದ್ಯೋಗದ ಎದುರು ‘ಇಂಡಿಯನ್ ಆರ್ಮಿ, ಸರ್ವಿಂಗ್’ ಎಂದಿತ್ತು. ಅಂದರೆ ಆ ಹಾಳೆಯ ಪ್ರಕಾರ ನನ್ನ ಮಗಳಿಗೆ ವಿದೇಶಿ ಸೈನ್ಯದಲ್ಲಿ ಸೇವೆಯಲ್ಲಿರುವ ಒಬ್ಬ ಒಡಹುಟ್ಟಿದವನಿದ್ದಾನೆ. ಅದೇ ಕಟ್ಟಿನಲ್ಲಿದ್ದ ವಂಶವೃಕ್ಷದ ಪ್ರಕಾರವಾದರೋ ನಮಗೆ ಒಬ್ಬಳೇ ಮಗಳು. ಎರಡೂ ಒಂದೇ ಲಕೋಟೆಯಲ್ಲಿ, ಒಂದೇ ಕಚೇರಿಯ ಮುದ್ರೆಯೊಂದಿಗೆ ಹೊರಡಲು ಸಿದ್ಧವಾಗಿದ್ದವು.

ಇದನ್ನು ಹಿಡಿದದ್ದು ನಾನಲ್ಲ, ಮಗಳು. ಅವಳು ಅಲ್ಲಿಂದ ಸಿಟ್ಟಾಗಿ ಕರೆ ಮಾಡಿದ ಮರುದಿನ ನಾನು ಕಚೇರಿಗೆ ಹೋಗಿ ತಪ್ಪನ್ನು ತೋರಿಸಿದಾಗ ಮಾಲೀಕರು ಕ್ಷಮೆ ಕೇಳಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಟೀಚರೇ, ಸ್ವಂತ ಅಣ್ಣ ಅಲ್ಲವಲ್ಲ, ಹಾಗಾದರೆ ಅವನ ಹೆಸರನ್ನೇ ತೆಗೆದುಬಿಡುವ. ಮಿಲಿಟರಿಯವನ ಹೆಸರು ಇದ್ದರೆ ಸುಮ್ಮನೆ ಕಿರಿಕಿರಿ. ನೀವು ಬರೆಯದಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತದೆ?” ಎಂದರು. ಸುಬೇದಾರರ ಪಿಂಚಣಿಯ ವಿಷಯವನ್ನೂ ‘ಕೃಷಿಕ’ ಎಂದು ಬರೆದು ಮುಗಿಸಬಹುದೆಂಬ ಸೂಚನೆ ಜೊತೆಗೇ ಬಂತು. ತೋಟವಿರುವವನನ್ನು ಕೃಷಿಕ ಎಂದರೆ ಸುಳ್ಳೇನಲ್ಲ ಎಂಬುದು ಅವರ ವಾದ.

ಆ ಕ್ಷಣದಲ್ಲಿ ನನಗೂ ಅದು ಸರಿಯೆನಿಸಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಕಚೇರಿಯಿಂದ ಕಚೇರಿಗೆ ಅಲೆದು ಬದುಕಿದ ನಮ್ಮಂಥವರಿಗೆ ಕೇಳದ ಮಾಹಿತಿಯನ್ನು ಕೊಡಬಾರದೆಂಬುದು ಒಂದು ಅಭ್ಯಾಸವಾಗಿ ಹೋಗಿದೆ. ಆದರೆ ಇಲ್ಲಿ ಅದು ಕೇಳಿದ ಮಾಹಿತಿ. 19ನೆಯ ಭಾಗ ಕೇಳುವುದು ರಕ್ತದ ಹತ್ತಿರವನ್ನಲ್ಲ. ಪ್ರೀತಿ, ಪ್ರಭಾವ, ಸಮಾನ ಆಸಕ್ತಿ ಅಥವಾ ಋಣದಿಂದ ನೀವು ಯಾರಿಗೆ ಕಟ್ಟುಬಿದ್ದಿದ್ದೀರಿ ಎಂಬುದನ್ನು. ಒಂದೇ ತಟ್ಟೆಯಲ್ಲಿ ಕಡುಬು ತಿಂದು ಬೆಳೆದು, ಈಗಲೂ ಹದಿನೈದು ದಿನಕ್ಕೊಮ್ಮೆ ವೀಡಿಯೋ ಕರೆ ಮಾಡುವ ದೊಡ್ಡಪ್ಪನ ಮಗ ಆ ಮಾತಿಗೆ ಹೇಳಿ ಮಾಡಿಸಿದ ಉದಾಹರಣೆ. ಅವನು 18ರಲ್ಲಿ ಒಡಹುಟ್ಟಿದವನಾಗಿ ಇರಬಾರದು, 19ರಲ್ಲಿ ದೊಡ್ಡಪ್ಪನ ಮಗನಾಗಿ, ಸೇವೆಯಲ್ಲಿರುವ ಮೇಜರನಾಗಿ ಇರಲೇಬೇಕು. ಕಚೇರಿಯವರು ಮೊದಲು ಅವನನ್ನು ಇದ್ದದ್ದಕ್ಕಿಂತ ಹತ್ತಿರ ತಂದರು, ಆಮೇಲೆ ಇಲ್ಲವೇ ಇಲ್ಲವೆನ್ನಿಸಲು ಹೊರಟರು. ಅವನು ನಿಜವಾಗಿ ಇರುವ ಜಾಗ ಮಾತ್ರ ಎರಡು ಸಲವೂ ಅವರಿಗೆ ಕಾಣಲಿಲ್ಲ.

ಬರೆಯದೆ ಬಿಟ್ಟರೆ ಆಗುವುದೇನೆಂಬುದನ್ನು ಮಗಳು ನನಗೆ ವಿವರಿಸಿದಳು. ಕ್ಲಿಯರೆನ್ಸ್ ಕೊಡುವುದೋ ಬಿಡುವುದೋ ಎಂಬುದನ್ನು 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳ ಪ್ರಕಾರ ತೀರ್ಮಾನಿಸುತ್ತಾರೆ. ಅವಕ್ಕೆ ಎ ಯಿಂದ ಎಂ ವರೆಗೆ ಅಕ್ಷರಗಳಿವೆ. ಬಿ ಎಂಬುದು ವಿದೇಶಿ ಪ್ರಭಾವ. ನಮ್ಮ ಮಕ್ಕಳು ಸಾಮಾನ್ಯವಾಗಿ ಎದುರಿಸುವುದು ಇದನ್ನೇ. ಇದರ ಅಡಿಯಲ್ಲಿ ಬರುವ ಕಳವಳವನ್ನು ತಗ್ಗಿಸುವ ಅಂಶಗಳನ್ನೂ ಅದೇ ಮಾರ್ಗಸೂಚಿ ಪಟ್ಟಿ ಮಾಡಿದೆ. ಸಂಬಂಧಿಕರು ವಿದೇಶದಲ್ಲಿರುವುದು ಯಾರ ತಪ್ಪೂ ಅಲ್ಲವೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವರನ್ನು ಬೇಕೆಂದೇ ಮುಚ್ಚಿಟ್ಟರೆ ವಿಷಯ ಬಿ ಯಿಂದ ಇ ಗೆ, ಅಂದರೆ ವೈಯಕ್ತಿಕ ನಡತೆಯ ಕಲಮಿಗೆ ದಾಟುತ್ತದೆ. ಪ್ರಶ್ನಾವಳಿಯಲ್ಲಿ ತಿಳಿದೂ ಸುಳ್ಳು ಹೇಳುವುದು ಅಲ್ಲಿನ ಫೆಡರಲ್ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ. ಮೇಜರ್ ಅಣ್ಣನೊಬ್ಬ ಇದ್ದಾನೆಂಬುದು ಅವಳ ಬದುಕಿನ ಒಂದು ಸಂಗತಿ ಮಾತ್ರ. ಅವನನ್ನು ಅಡಗಿಸಿಟ್ಟಿದ್ದಾಳೆಂಬುದು ಬೇರೆಯವರ ಕೈಗೆ ಸಿಗುವ ಅಸ್ತ್ರ. ಅಡಗಿಸಿಟ್ಟವರನ್ನು ಹೆದರಿಸಬಹುದು ಎಂಬುದೇ ಅವರ ಇಡೀ ಲೆಕ್ಕಾಚಾರದ ಬುಡದಲ್ಲಿರುವ ಭಯ.

ಈ ಭಯವನ್ನು ಅರ್ಥಮಾಡಿಕೊಳ್ಳಲು ಕೊಡಗಿನವರು ದೂರ ಹೋಗಬೇಕಾಗಿಲ್ಲ. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಕೆ.ಸಿ. ನಂದಾ ಕಾರ್ಯಪ್ಪ, ಪಾಕಿಸ್ತಾನದ ಕೈಗೆ ಸೆರೆ ಸಿಕ್ಕಿದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನ ವಿಷಯದಲ್ಲಿ ವಿಶೇಷ ರಿಯಾಯಿತಿ ತೋರಿಸುವ ಮಾತು ಬಂದಾಗ ಕಾರ್ಯಪ್ಪನವರು, ಸೆರೆಯಲ್ಲಿರುವ ಸೈನಿಕರೆಲ್ಲರೂ ತನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡವೆಂದು ಹೇಳಿಕಳಿಸಿದರೆಂಬುದನ್ನು ನಮ್ಮಲ್ಲಿ ಮನೆಮನೆಯಲ್ಲಿ ಹೇಳುತ್ತಾರೆ. ನಾನೂ ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ನಾವು ಅದನ್ನು ಹೆಮ್ಮೆಯಿಂದ ಹೇಳುವಾಗ ಮರೆಯುವ ಸಂಗತಿ ಒಂದಿದೆ: ತನ್ನವರು ಇನ್ನೊಂದು ಸರ್ಕಾರದ ಕೈಯಲ್ಲಿರುವಾಗ ಮನುಷ್ಯನ ಮೇಲೆ ಎಂಥ ಒತ್ತಡ ಬೀಳಬಹುದೆಂಬುದಕ್ಕೂ ಅದು ಸಾಕ್ಷಿ. ನಿಯಮ ಬರೆಯುವವರು ಎಲ್ಲರೂ ಕಾರ್ಯಪ್ಪನವರೇ ಆಗಿರುತ್ತಾರೆಂದು ಎಣಿಸಿ ಬರೆಯಲಾರರು. ಒತ್ತಡಕ್ಕೆ, ಆಮಿಷಕ್ಕೆ, ಬೆದರಿಕೆಗೆ ‘ಹೆಚ್ಚಿದ ಅಪಾಯ’ ಇದೆಯೇ ಎಂಬುದಷ್ಟೇ ಮಾರ್ಗಸೂಚಿ ಬಿ ಕೇಳುವ ಪ್ರಶ್ನೆ.

ಈ ಅಪಾಯವನ್ನು ಅಳೆಯುವಾಗ ಹುಟ್ಟಿನಿಂದ ಪೌರರು, ಪ್ರಮಾಣ ಸ್ವೀಕರಿಸಿ ಪೌರರಾದವರು ಎಂಬ ಭೇದವನ್ನು ನಿಯಮ ಮಾಡುವುದಿಲ್ಲ. 1995ರ ಅಧ್ಯಕ್ಷೀಯ ಆದೇಶ ಸಂಖ್ಯೆ 12968 ಕೇಳುವುದು ಅಮೆರಿಕದ ಪೌರರಾಗಿರಬೇಕೆಂದು ಮಾತ್ರ, ಅದು ಹೇಗೆ ಆದದ್ದೆಂದಲ್ಲ. ಆದರೆ ನಡುಹರೆಯದಲ್ಲಿ ಪೌರರಾದವರ ಅಪ್ಪ ಅಮ್ಮ, ಅತ್ತೆ ಮಾವ, ಮಣ್ಣು ಎಲ್ಲವೂ ಬೇರೆ ದೇಶದಲ್ಲಿ ಇರುವುದರಿಂದ, ಭೇದವಿಲ್ಲದ ನಿಯಮವೂ ಅವರ ಮೇಲೆಯೇ ಹೆಚ್ಚು ಭಾರ ಹಾಕುತ್ತದೆ. ಅದನ್ನು ಅನ್ಯಾಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಸಮಾನವೆಂದು ಕರೆಯಲೂ ಬರುವುದಿಲ್ಲ.

ಗುತ್ತಿಗೆದಾರ ಕಂಪನಿಗಳ ನೌಕರರ ಬಗ್ಗೆ ಅನುಮಾನ ಬಂದಾಗ ಅಲ್ಲಿನ ರಕ್ಷಣಾ ಇಲಾಖೆ ಕಾರಣಗಳನ್ನು ಬರೆದು ನೋಟಿಸು ಕೊಡುತ್ತದೆ; 20 ದಿನಗಳೊಳಗೆ ಉತ್ತರ ಕೊಡಬೇಕು, ಬೇಕಿದ್ದರೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ಆ ತೀರ್ಪುಗಳು ಅರ್ಜಿದಾರರ ಹೆಸರಿಲ್ಲದೆ ಪ್ರಕಟವಾಗುತ್ತವೆ. ಮಗಳು ಕಳಿಸಿದ ಕೆಲವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾನು ಓದಿದೆ. ಭಾರತದ ವಿಷಯ ಬಂದಾಗ, ಅದು ಪ್ರಜಾಪ್ರಭುತ್ವ, ಅಮೆರಿಕದೊಂದಿಗೆ ರಕ್ಷಣಾ ಸಹಕಾರ ಬೆಳೆಸಿಕೊಂಡಿರುವ ದೇಶ ಎಂಬುದನ್ನು ಒಂದು ತಕ್ಕಡಿಯಲ್ಲಿಯೂ, ಭಯೋತ್ಪಾದಕ ದಾಳಿಗಳು ನಡೆಯುವ ಪ್ರದೇಶಗಳು ಇಲ್ಲಿವೆ ಎಂಬುದನ್ನು ಇನ್ನೊಂದರಲ್ಲಿಯೂ ಇಡುತ್ತಾರೆ. 2016ರಲ್ಲಿ ಅಮೆರಿಕ ಭಾರತವನ್ನು ಪ್ರಮುಖ ರಕ್ಷಣಾ ಪಾಲುದಾರ ದೇಶವೆಂದು ಕರೆಯಿತು. ಹಾಗೆಂದು ಸ್ನೇಹಿತ ದೇಶದಲ್ಲಿರುವ ಸಂಬಂಧಿಕರು ತನ್ನಿಂತಾನೇ ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ದೇಶ ಯಾವುದು, ಸಂಬಂಧಿಕರು ಯಾವ ಹುದ್ದೆಯಲ್ಲಿದ್ದಾರೆ, ನಂಟು ಎಷ್ಟು ಗಾಢ, ಅರ್ಜಿದಾರರ ಬೇರು ಅಮೆರಿಕದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬ ನಾಲ್ಕನ್ನೂ ಒಟ್ಟಿಗೆ ನೋಡುತ್ತಾರೆ. ಕೊನೆಗೂ ಅನುಮಾನ ಉಳಿದರೆ ಅದರ ಲಾಭ ಅರ್ಜಿದಾರರಿಗಲ್ಲ, ದೇಶದ ಭದ್ರತೆಗೆ. ನಮ್ಮ ಕೋರ್ಟುಗಳಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುವುದನ್ನು ಕೇಳಿ ಬೆಳೆದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟೇ 1988ರಲ್ಲಿ ಹೇಳಿದೆ.

ನನಗೆ ಹೊಸದಾಗಿ ತಿಳಿದ ಇನ್ನೊಂದು ವಿಷಯ, ಗಂಡನ ಅಥವಾ ಹೆಂಡತಿಯ ತಂದೆತಾಯಿಯರ ಮೇಲೂ ಪ್ರೀತಿ ಮತ್ತು ಕರ್ತವ್ಯ ಇದೆಯೆಂದೇ ಆ ನ್ಯಾಯಾಧೀಶರು ಮೊದಲಿಗೆ ಊಹಿಸಿಕೊಳ್ಳುತ್ತಾರೆ. ಇಲ್ಲವೆಂದಾದರೆ ಅದನ್ನು ತೋರಿಸಬೇಕಾದವರು ಅರ್ಜಿದಾರರು. ಅತ್ತೆ ಸೊಸೆಯರ ನಡುವೆ ಪ್ರೀತಿ ಇದೆಯೆಂದು ಯಾವ ಪುರಾವೆಯೂ ಇಲ್ಲದೆ ನಂಬುವ ಸರ್ಕಾರ ಭೂಮಿಯ ಮೇಲೆ ಒಂದಾದರೂ ಇದೆಯಲ್ಲ ಎಂದು ನಮ್ಮ ಯಜಮಾನರು ಹೇಳಿದರು.

ಅವರ ಪಿಂಚಣಿಯ ವಿಷಯಕ್ಕೆ ಬರುತ್ತೇನೆ. ವಿದೇಶಿ ಸರ್ಕಾರದಿಂದ ಸಂಬಳವೋ ಪಿಂಚಣಿಯೋ ಪಡೆಯುವ ತಂದೆ ಒಂದು ತೂಕದ ಸಂಗತಿಯೇ ಹೌದು, ಏಕೆಂದರೆ ಆ ಸರ್ಕಾರಕ್ಕೆ ಅವರ ಮೇಲೆ ಒಂದು ಹಿಡಿತವಿದೆಯೆಂದು ಯಾರಾದರೂ ವಾದಿಸಬಹುದು. ಆದರೆ ನಿವೃತ್ತರಾಗಿ ವರ್ಷಗಳು ಕಳೆದ, ಕಾನೂನಿನ ಪ್ರಕಾರ ತಿಂಗಳು ತಿಂಗಳು ಬರುವ ಪಿಂಚಣಿ ಬಿಟ್ಟು ಬೇರೆ ನಂಟಿಲ್ಲದ ಸುಬೇದಾರರನ್ನೂ, ಆಯಕಟ್ಟಿನ ಹುದ್ದೆಯಲ್ಲಿರುವ ಅಧಿಕಾರಿಯನ್ನೂ ಒಂದೇ ಅಳತೆಯಲ್ಲಿ ಅಳೆಯಲು ಸಾಧ್ಯವಿಲ್ಲ. ಆ ವ್ಯತ್ಯಾಸ ತಿಳಿಯಬೇಕಾದರೆ ನಿವೃತ್ತಿಯ ದಿನಾಂಕ, ಹುದ್ದೆ, ಪಿಂಚಣಿಯ ಸ್ವರೂಪ ಇವನ್ನು ಇದ್ದ ಹಾಗೆ ಬರೆಯಬೇಕು. ‘ಕೃಷಿಕ’ ಎಂಬ ಒಂದು ಪದ ಆ ವ್ಯತ್ಯಾಸವನ್ನೇ ನುಂಗಿಬಿಡುತ್ತಿತ್ತು. ಮುಂದೆ ಡಿಸ್ಚಾರ್ಜ್ ಬುಕ್ಕು ಹೊರಬಂದ ದಿನ, ಪ್ರಾಮಾಣಿಕವಾಗಿ ಬರೆದಿದ್ದರೆ ನಮ್ಮ ಪರವಾಗಿ ನಿಲ್ಲಬಹುದಾಗಿದ್ದ ಕಾಗದವೇ ನಮ್ಮ ವಿರುದ್ಧದ ಸಾಕ್ಷಿಯಾಗುತ್ತಿತ್ತು.

ಜಮೀನಿನ ಭಾಗವನ್ನು ಕಚೇರಿಯವರು ಅರ್ಧ ಸರಿಯಾಗಿ, ಅರ್ಧ ತಪ್ಪಾಗಿ ಮಾಡಿದರು. ನಮ್ಮದು ನಾಲ್ಕು ಎಕರೆ ರೊಬಸ್ಟಾ ತೋಟ, ಅದು ಯಜಮಾನರ ಹೆಸರಿನಲ್ಲಿದೆ. ಒಕ್ಕಕ್ಕೆ ತಲೆತಲಾಂತರದಿಂದ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಾದರೆ ಒಂದರ ಕೆಳಗೊಂದು ಹನ್ನೊಂದು ಹೆಸರುಗಳಿವೆ, ಅವರಲ್ಲಿ ನಾಲ್ವರು ಈಗಿಲ್ಲ. ಪಹಣಿಗಳನ್ನು ತೆಗೆಸಿ, ಯಾರ ಹೆಸರು ಯಾರದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ‘ಮಗಳ ಹೆಸರಿನಲ್ಲಿ ಏನೂ ಇಲ್ಲ, ಆದ್ದರಿಂದ ಆಸ್ತಿ ಇಲ್ಲ’ ಎಂದು ಷರಾ ಬರೆದದ್ದು ತಪ್ಪು. ಪ್ರಶ್ನಾವಳಿ ಈಗ ಇರುವ ಸ್ಥಿರಾಸ್ತಿಯನ್ನು ಮಾತ್ರವಲ್ಲ, ಮುಂದೆ ಬರಬಹುದೆಂದು ನಿರೀಕ್ಷಿಸುವುದನ್ನೂ ಕೇಳುತ್ತದೆ. ಒಬ್ಬಳೇ ಮಗಳಿರುವ ಮನೆಯಲ್ಲಿ ತೋಟ ಯಾರಿಗೆ ಹೋಗುತ್ತದೆಂದು ಊಹಿಸಲು ತನಿಖಾಧಿಕಾರಿಯೇ ಆಗಬೇಕಾಗಿಲ್ಲ. ತೋಟದ ಅಂದಾಜು ಬೆಲೆಯನ್ನೂ, ಅಲ್ಲಿ ಅವಳಿಗಿರುವ ಮನೆ, ಉಳಿತಾಯ, ನಿವೃತ್ತಿ ನಿಧಿಯ ಮೊತ್ತವನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸುವುದೇ ಇಲ್ಲಿರುವ ದಾರಿ. ವಿದೇಶಿ ಆಸ್ತಿಯ ಮೌಲ್ಯ ಮತ್ತು ಸ್ವರೂಪ ಒತ್ತಡ ಹೇರಲು ಸಾಲುವಂಥದ್ದಲ್ಲವೆಂಬುದು ಮಾರ್ಗಸೂಚಿಯಲ್ಲಿಯೇ ಹೇಳಿರುವ ಒಂದು ಸಮಾಧಾನ. ಮಗಳು ಹಾಗೆಯೇ ಮಾಡಿದಳು. ಪಕ್ಕದ ಮನೆಯ ಹುಡುಗಿಯ ಹಾಸ್ಟೆಲ್ ಶುಲ್ಕಕ್ಕೆಂದು ಎರಡು ವರ್ಷ ಅವಳು ಕಳಿಸಿದ ಹಣವನ್ನೂ ಬರೆದಳು, ಏಕೆಂದರೆ ವಿದೇಶಿ ಪ್ರಜೆಗೆ ಆರ್ಥಿಕ ನೆರವು ಕೊಟ್ಟಿದ್ದೀರಾ ಎಂಬ ಪ್ರಶ್ನೆಯೂ ಅಲ್ಲಿದೆ.

ಇನ್ನೊಂದು ತಪ್ಪು ಓಸಿಐ, ಅಂದರೆ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡಿನದು. ಅದರ ಹೆಸರಿನಲ್ಲಿ ‘ಸಿಟಿಜನ್’ ಎಂಬ ಪದ ಇದೆಯೆಂಬ ಒಂದೇ ಕಾರಣಕ್ಕೆ ಕಚೇರಿಯ ಹುಡುಗ ಮಗಳನ್ನು ದ್ವಿಪೌರತ್ವ ಇರುವವಳೆಂದು ಟಿಪ್ಪಣಿಯಲ್ಲಿ ಬರೆದ. 1955ರ ಪೌರತ್ವ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ದಿನವೇ ಭಾರತದ ಪೌರತ್ವ ಮುಗಿಯುತ್ತದೆ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣಪತ್ರ ಪಡೆದುಕೊಳ್ಳಬೇಕು. ಓಸಿಐ ಇರುವವರಿಗೆ ವೀಸಾ ಇಲ್ಲದೆ ಬಂದುಹೋಗುವ ಸೌಕರ್ಯವಿದೆ, ಮತದಾನದ ಹಕ್ಕಿಲ್ಲ, ಕಾಫಿ ತೋಟವನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಪಡೆಯಬಹುದು. ಅಮೆರಿಕದ ಈಗಿನ ಮಾರ್ಗಸೂಚಿಯಲ್ಲಿ ದ್ವಿಪೌರತ್ವವೊಂದೇ ಅನರ್ಹತೆಗೆ ಕಾರಣವಲ್ಲ, ಆದ್ದರಿಂದ ಆ ಟಿಪ್ಪಣಿಯಿಂದ ಆಕಾಶ ಬೀಳುತ್ತಿರಲಿಲ್ಲ. ಆದರೂ ಇಲ್ಲದ ಪೌರತ್ವವನ್ನು ಇದೆಯೆಂದು ಬರೆದು, ಅದನ್ನು ಆಮೇಲೆ ತಿದ್ದುತ್ತ ಕೂರುವ ಅವಸ್ಥೆ ಯಾರಿಗೂ ಬೇಡ. ವಿದೇಶದ ಕಾಗದಗಳನ್ನೇ ಕಸುಬಾಗಿ ಮಾಡಿಕೊಂಡವರಿಗೆ ಈ ವ್ಯತ್ಯಾಸ ಗೊತ್ತಿರಬೇಕಾಗಿತ್ತು.

ಒಕ್ಕದ ವಾಟ್ಸ್ಯಾಪ್ ಗುಂಪಿನ ಬಗ್ಗೆ ನಾನು ಬಹಳ ತಲೆ ಕೆಡಿಸಿಕೊಂಡೆ. ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿದ್ದಾರೆ, ಅವರಲ್ಲಿ ಸೈನ್ಯದಲ್ಲಿರುವವರೂ ಪೊಲೀಸರೂ ಇದ್ದಾರೆ. ಪುತ್ತರಿ, ಕೈಲ್‌ಪೋದ್ ಹಬ್ಬಗಳಿಗೆ ಶುಭಾಶಯ, ಕೌಟುಂಬಿಕ ಹಾಕಿಯ ದಿನಗಳಲ್ಲಿ ಗೋಲುಗಳ ಲೆಕ್ಕ, ಸಾವಿನ ಸುದ್ದಿ, ಕಾಳುಮೆಣಸಿನ ರೇಟು, ಇಷ್ಟೇ ಅಲ್ಲಿ ಬರುವುದು. ಇವರೆಲ್ಲರೂ ನಿಕಟ ಸಂಪರ್ಕದವರೇ? ಮಗಳು ತನ್ನ ಕಂಪನಿಯ ಭದ್ರತಾ ಅಧಿಕಾರಿಯನ್ನೇ ಕೇಳಿದಳು. ಗುಂಪಿನಲ್ಲಿರುವುದು ಮುಖ್ಯವಲ್ಲ, ಗುಂಪಿನ ಹೊರಗೆ ಯಾರೊಡನೆ ಬೇರೆಯಾಗಿ ಮಾತಿದೆ ಎಂಬುದನ್ನು ಯೋಚಿಸಿ ಎಂದು ಅವರು ಹೇಳಿದರಂತೆ. ಆ ಪ್ರಕಾರ ಮೇಜರನನ್ನೂ ಸೇರಿ ಐದು ಹೆಸರುಗಳು ಉಳಿದವು. ಈ ಪ್ರಶ್ನೆಗೆ ಗೋಣಿಕೊಪ್ಪಲಿನ ಕಚೇರಿ ಕೊಟ್ಟ ಉತ್ತರ, ಫಾರಂ ಕಳಿಸುವವರೆಗೆ ಗುಂಪಿನಿಂದ ಹೊರಗೆ ಬಂದು ಆಮೇಲೆ ಮತ್ತೆ ಸೇರಿಕೊಳ್ಳಿ ಎಂಬುದಾಗಿತ್ತು.

ಫಾರಂ ಸಲ್ಲಿಸಿ ಕೆಲವು ತಿಂಗಳ ಮೇಲೆ ತನಿಖಾಧಿಕಾರಿಯೊಬ್ಬರು ಮಗಳನ್ನು ಕಂಡು ಎರಡೂವರೆ ಗಂಟೆ ಮಾತಾಡಿದರು. ಅದರಲ್ಲಿ ಮುಕ್ಕಾಲು ಭಾಗ ಮೇಜರನ ಬಗ್ಗೆಯೇ. ಅವನ ಕೆಲಸದ ಬಗ್ಗೆ ನಿಮಗೆ ಏನು ಗೊತ್ತು, ನಿಮ್ಮ ಕೆಲಸದ ಬಗ್ಗೆ ಅವನಿಗೆ ಏನು ಗೊತ್ತು, ಅವನು ಎಂದಾದರೂ ವಿವರ ಕೇಳಿದ್ದಾನೆಯೇ, ಅವನಿಗಾಗಲಿ ತಂದೆತಾಯಿಗಾಗಲಿ ಯಾರಾದರೂ ತೊಂದರೆ ಕೊಡುವುದಾಗಿ ಹೆದರಿಸಿದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಅವಳು, ಮೊದಲು ನಿಮಗೇ ಫೋನ್ ಮಾಡುತ್ತೇನೆ ಎಂದಳಂತೆ. ‘ಅಣ್ಣ’ ಎಂದರೆ ಬ್ರದರ್ ಏಕಲ್ಲ ಎಂಬುದನ್ನು ವಿವರಿಸಲು ಕಾಗದದ ಮೇಲೆ ಒಕ್ಕದ ಮರವನ್ನೇ ಬರೆದು ತೋರಿಸಿದಳು. ಅವರು ಆ ಹಾಳೆಯನ್ನು ಕೇಳಿ ತೆಗೆದುಕೊಂಡು ಹೋದರು. ಕ್ಲಿಯರೆನ್ಸ್ ಬಂತು. ಇನ್ನು ಮುಂದೆ ಅವಳು ಊರಿಗೆ ಬರುವ ಮೊದಲು ಪ್ರಯಾಣವನ್ನು ಕಂಪನಿಯ ಮೂಲಕ ತಿಳಿಸಬೇಕು, ಹೊಸ ನಿಕಟ ಪರಿಚಯಗಳನ್ನು ವರದಿ ಮಾಡಬೇಕು. ಆ ಕರ್ತವ್ಯವೂ 2017ರಿಂದ ಬೇರೊಂದು ನಿರ್ದೇಶನದಲ್ಲಿ ಬರವಣಿಗೆಯಲ್ಲಿದೆ. ಈ ಸಲದ ಪುತ್ತರಿಗೆ ಬರುವ ವಿಷಯ ನನಗಿಂತ ಮೊದಲು ಅವಳ ಭದ್ರತಾ ಅಧಿಕಾರಿಗೆ ಗೊತ್ತಾಯಿತು.

ಈ ಕಚೇರಿಗೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ದಾಖಲೆ ಹುಡುಕಿಸಲು, ಅನುವಾದ ಮಾಡಿಸಲು, ಪಹಣಿ ತೆಗೆಸಲು ನಿಶ್ಚಿಂತೆಯಿಂದ ಹೋಗಿ. 4,500 ರೂಪಾಯಿ ಹೆಚ್ಚೇನಲ್ಲ, ರಸೀದಿ ಕೊಡುತ್ತಾರೆ, ಮೂಲ ಪ್ರತಿಗಳನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಯುತ್ತಾರೆ. ಏನು ಬರೆಯಬೇಕು, ಏನು ಬಿಡಬೇಕು ಎಂಬುದನ್ನು ಮಾತ್ರ ಅವರನ್ನು ಕೇಳಬೇಡಿ. ಅದಕ್ಕೆ ಅಲ್ಲಿನ ಕಂಪನಿಯ ಭದ್ರತಾ ಅಧಿಕಾರಿ ಇದ್ದಾರೆ, ವಿಷಯ ತೊಡಕಾದರೆ ಅಲ್ಲಿನ ವಕೀಲರಿದ್ದಾರೆ. ಸಂಬಂಧಗಳ ಪಟ್ಟಿಯನ್ನು ಕನ್ನಡದಲ್ಲಿ ನೀವೇ ಬರೆದುಕೊಂಡು ಹೋಗಿ, ‘ಅಣ್ಣ’ ಎಂದು ಬರೆಯದೆ ‘ಗಂಡನ ಅಣ್ಣನ ಮಗ’ ಎಂದು ಬಿಡಿಸಿ ಬರೆಯಿರಿ. ಕಳೆದ ತಿಂಗಳು ಬಾಕಿ ಹಣ ಕೊಡಲು ಹೋದಾಗ ಮಾಲೀಕರು ತಮ್ಮ ಕಂಪ್ಯೂಟರಿನಲ್ಲಿರುವ ನಮೂನೆಯನ್ನು ತೋರಿಸಿದರು. ಸಂಬಂಧದ ಕಲಮಿನ ಪಕ್ಕದಲ್ಲಿ ‘ಯಾರ ಹೊಟ್ಟೆಯಲ್ಲಿ ಹುಟ್ಟಿದವರು?’ ಎಂದು ಕನ್ನಡದಲ್ಲಿ ಒಂದು ಹೊಸ ಕಲಮು ಸೇರಿಸಿದ್ದಾರೆ. ಸಂತೆಯ ದಿನ ಹೋದರೆ ಕೂರಲು ಜಾಗ ಸಿಗುವುದಿಲ್ಲ.